ಬಯಲಿನ ಬಿಳಿಗಲ್ಲು, ಗಿರಿಯ ಕರಿಗಲ್ಲು



ಇಂದಿನ ಉಪನ್ಯಾಸದ ವಸ್ತು ಎರಡು ಕಲ್ಲುಗಳು. ಒಂದು, ಕಡೂರಿನ ಬಯಲಿನಲ್ಲಿ ಹಾಸುಬಂಡೆಯಾಗಿ, ಹೆಬ್ಬಂಡೆಯಾಗಿ ಎದ್ದು ಕಾಣುವ ಗ್ರಾನೈಟ್ ಜಾತಿಯ ಬಿಳಿಗಲ್ಲು. ಇನ್ನೊಂದು, ಲಿಂಗದಹಳ್ಳಿಯ ನೆತ್ತಿಯ ಮೇಲೆ ನಿಂತಿರುವ ಬಾಬಾಬುಡನ್ ಗಿರಿಯ ಮೈಯ ಬಹುಪಾಲನ್ನು ಕಟ್ಟಿರುವ ಬಸಾಲ್ಟ್ ಎಂಬ ಕರಿಗಲ್ಲು. ಎರಡೂ ಅಗ್ನಿಶಿಲೆಗಳು, ಅಂದರೆ ಕರಗಿದ ಶಿಲಾಪಾಕ ಆರಿ ಗಟ್ಟಿಯಾದವು. ಹುಟ್ಟು ಒಂದೇ ಬಗೆಯದಾದರೂ ಬಣ್ಣ, ತೂಕ, ನಡತೆ, ವಯಸ್ಸು, ಕೊನೆಗೆ ತಮ್ಮ ಮೇಲೆ ಹುಟ್ಟುವ ಮಣ್ಣು ಎಲ್ಲದರಲ್ಲೂ ಇವು ಬೇರೆ ಬೇರೆ. ಇವೆರಡೂ ಇಷ್ಟು ಹತ್ತಿರದಲ್ಲಿ, ಇಷ್ಟು ಸ್ಪಷ್ಟವಾಗಿ ಒಂದರ ಪಕ್ಕ ಒಂದು ಸಿಗುವ ಜಾಗಗಳು ನಾಡಿನಲ್ಲಿ ಬಹಳ ಇಲ್ಲ. ತರೀಕೆರೆಯಿಂದ ಲಿಂಗದಹಳ್ಳಿ, ಸಂತವೇರಿಗಳ ಮೇಲೆ ಚಿಕ್ಕಮಗಳೂರಿಗೆ ಹೋಗುವ ದಾರಿ ಅಂಥದ್ದು.

ವಿಷಯವನ್ನು ನಾಲ್ಕು ಭಾಗವಾಗಿ ನೋಡಬಹುದು. ಕೈಗೆ ಸಿಕ್ಕ ಕಲ್ಲು ಇಂಥದ್ದೇ ಎಂದು ಗುರುತಿಸುವುದು ಹೇಗೆ ಎಂಬುದು ಮೊದಲನೆಯದು. ಕರಗಿದ ಸ್ಥಿತಿಯಲ್ಲಿ ಎರಡರ ನಡತೆ ಏಕೆ ಬೇರೆ ಎಂಬುದು ಎರಡನೆಯದು. ಈ ಸೀಮೆಯಲ್ಲಿ ಯಾವುದು ಹಿರಿಯ, ಯಾವುದು ಕಿರಿಯ ಎಂಬುದು ಮೂರನೆಯದು. ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಅದು. ಕೊನೆಗೆ ಗುಡಿ, ಹೊಲ, ಬಾವಿಗಳಲ್ಲಿ ಇವುಗಳ ಗುಣ ಹೇಗೆ ಕಾಣುತ್ತದೆ ಎಂಬ ವಿಚಾರ.

ಮೊದಲು ಕಣ್ಣಿಗೆ ಕಾಣುವ ಸಂಗತಿ. ಕಡೂರು ಕಡೆಯ ಯಾವುದೇ ಕ್ವಾರಿಯಿಂದ ಹೊಸದಾಗಿ ಒಡೆದ ಬಿಳಿಗಲ್ಲಿನ ಚೂರನ್ನು ಬಿಸಿಲಿಗೆ ಹಿಡಿದರೆ ಮೂರು ಬಗೆಯ ಕಾಳುಗಳು ಬರಿಗಣ್ಣಿಗೇ ಕಾಣುತ್ತವೆ. ಗಾಜಿನಂತೆ ಮಸುಕಾಗಿ ಹೊಳೆಯುವುದು ಬೆಣಚು. ಹಾಲುಬಿಳುಪಿನ ಇಲ್ಲವೇ ನಸುಗೆಂಪಿನ, ಚಪ್ಪಟೆಯಾಗಿ ಮಿನುಗುವ ಮುಖವುಳ್ಳದ್ದು ಫೆಲ್ಡ್‌ಸ್ಪಾರ್. ಕಪ್ಪು ಚುಕ್ಕೆಗಳಾಗಿ, ಉಗುರು ತಾಗಿಸಿದರೆ ಪದರಾಗಿ ಏಳುವುದು ಅಭ್ರಕ, ಅದೇ ಕಾಗೆಬಂಗಾರ. ಬಸಾಲ್ಟಿನ ಚೂರಿನಲ್ಲಿ ಹೀಗೆ ಕಾಳು ಬಿಡಿಸಿ ನೋಡಲು ಆಗುವುದಿಲ್ಲ. ಅದರ ಹರಳುಗಳು ತೀರ ಸಣ್ಣವು; ಕಲ್ಲನ್ನು ಕಾಗದದಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಮಾತ್ರ ಪೈರಾಕ್ಸೀನ್, ಸುಣ್ಣದಂಶ ಹೆಚ್ಚಿರುವ ಫೆಲ್ಡ್‌ಸ್ಪಾರ್ ಮುಂತಾದವು ಕಾಣುತ್ತವೆ. ಬೆಣಚು ಇಲ್ಲವೆನ್ನುವಷ್ಟು ಕಡಿಮೆ. ತೂಕದಲ್ಲೂ ವ್ಯತ್ಯಾಸವಿದೆ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೊ ತೂಗಿದರೆ ಅಷ್ಟೇ ಬಸಾಲ್ಟ್ 85 ಕಿಲೊ ಆಸುಪಾಸು ತೂಗುತ್ತದೆ. ಕಬ್ಬಿಣ, ಮೆಗ್ನೀಷಿಯಂ ಹೆಚ್ಚಿರುವುದೇ ಆ ಭಾರಕ್ಕೂ ಕಪ್ಪಿಗೂ ಕಾರಣ.

ಇಲ್ಲಿ ಎರಡು ತಿದ್ದುಪಡಿಗಳನ್ನು ಹೇಳಲೇಬೇಕು. ಬಯಲಿನ ಬಿಳಿಗಲ್ಲೆಲ್ಲ ಶುದ್ಧ ಗ್ರಾನೈಟ್ ಆಗಿರುವುದಿಲ್ಲ. ಬಹುಪಾಲು ನೈಸ್, ಗ್ರಾನೈಟಿನ ದಾಯಾದಿ ಶಿಲೆಗಳೇ ನೆಲದಾಳದ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ, ಬಿಳಿ ಕಪ್ಪು ಪಟ್ಟೆಗಳಾಗಿ ಹೊಸೆದುಕೊಂಡದ್ದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮೇಲೆ ಓಡಾಡಿದವರು ಆ ಪಟ್ಟೆಗಳನ್ನು ಕಂಡಿರುತ್ತಾರೆ. ಹಾಗೆಯೇ ಗಿರಿಯ ಬಸಾಲ್ಟೂ ಹುಟ್ಟಿದಾಗಿದ್ದಂತೆ ಉಳಿದಿಲ್ಲ. ಮತ್ತೆ ಕಾದು, ನೀರು ಹೀರಿ, ಅದರ ಖನಿಜಗಳು ಕ್ಲೋರೈಟ್, ಆಕ್ಟಿನೊಲೈಟ್ ಎಂಬ ಹಸಿರು ಖನಿಜಗಳಾಗಿ ಬದಲಾಗಿವೆ. ಆದ್ದರಿಂದಲೇ ಸಂತವೇರಿ ಕಡೆಯ ಕರಿಗಲ್ಲನ್ನು ಹೊಸದಾಗಿ ಒಡೆದಾಗ ಕಪ್ಪಿನೊಳಗೆ ಹಸಿರು ಇಣುಕುತ್ತದೆ.

ಹರಳುಗಳ ಗಾತ್ರ ಏಕೆ ಹೀಗೆ ಬೇರೆಯಾಯಿತು? ಪಾಕವನ್ನು ದಿನಗಟ್ಟಲೆ ನಿಧಾನವಾಗಿ ಆರಲು ಬಿಟ್ಟರೆ ದಪ್ಪ ಹರಳಿನ ಕಲ್ಲುಸಕ್ಕರೆ ಕಟ್ಟುತ್ತದೆ, ಬೇಗ ಆರಿಸಿದರೆ ಸಣ್ಣ ಹರಳು. ಶಿಲಾಪಾಕದ ನಿಯಮವೂ ಅದೇ. ಗ್ರಾನೈಟ್ ನೆಲದೊಳಗೆ ಹಲವು ಕಿಲೋಮೀಟರ್ ಆಳದಲ್ಲಿ, ಮೇಲಿನ ಬಂಡೆಗಳ ಹೊದಿಕೆಯೊಳಗೆ ಸಾವಿರಾರು, ಲಕ್ಷಾಂತರ ವರ್ಷ ಆರುತ್ತ ಹೋಗುತ್ತದೆ. ಬಸಾಲ್ಟ್ ಲಾವಾರಸವಾಗಿ ಹೊರಬಂದು ಗಾಳಿಗೋ ನೀರಿಗೋ ಮೈಯೊಡ್ಡಿ ದಿನ, ವಾರ, ವರ್ಷಗಳ ಲೆಕ್ಕದಲ್ಲಿ ಗಟ್ಟಿಯಾಗುತ್ತದೆ. ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟವನು ಸ್ಕಾಟ್ಲೆಂಡಿನ ಜೇಮ್ಸ್ ಹಾಲ್. 1798ರಲ್ಲಿ ಎಡಿನ್‌ಬರೊದಲ್ಲಿ ಓದಿದ ಪ್ರಬಂಧದಲ್ಲಿ ಅವನು ಕರಿಗಲ್ಲನ್ನು ಕುಲುಮೆಯಲ್ಲಿ ಕರಗಿಸಿದ ಬಗೆಯನ್ನು ವಿವರಿಸಿದ. ತಟ್ಟನೆ ಆರಿಸಿದಾಗ ಸಿಕ್ಕಿದ್ದು ಗಾಜು. ನಿಧಾನವಾಗಿ ಆರಿಸಿದಾಗ ಮತ್ತೆ ಹರಳುಗಟ್ಟಿದ ಕಲ್ಲು. ಕಲ್ಲುಗಳೆಲ್ಲ ಆದಿಸಮುದ್ರದ ನೀರಿನಿಂದ ಹೆಪ್ಪುಗಟ್ಟಿ ಬಂದವು ಎಂದು ಯುರೋಪಿನ ವಿದ್ವಾಂಸರು ಗಟ್ಟಿಯಾಗಿ ವಾದಿಸುತ್ತಿದ್ದ ಕಾಲ ಅದು. ಒಂದು ಕುಲುಮೆ ಆ ವಾದದ ಬುಡವನ್ನು ಅಲುಗಿಸಿತು.

ಈ ಪ್ರಯೋಗಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಗಳಿವೆ. ದಕ್ಷಿಣ ಕರ್ನಾಟಕದ ಬಿಳಿಬಂಡೆಗಳನ್ನು ಸೀಳಿಕೊಂಡು ಗೋಡೆಯಂತೆ ನೇರವಾಗಿ ಓಡುವ ಕಪ್ಪು ಪಟ್ಟಿಗಳು ಅಲ್ಲಲ್ಲಿ ಕಾಣುತ್ತವೆ. ಭೂವಿಜ್ಞಾನಿಗಳು ಅವನ್ನು ಡೈಕ್ ಎನ್ನುತ್ತಾರೆ. ಬಂಡೆ ಬಿರುಕು ಬಿಟ್ಟಾಗ ಬಸಾಲ್ಟಿನದೇ ಪಾಕ ಆ ಬಿರುಕಿಗೆ ನುಗ್ಗಿ ಅಲ್ಲೇ ಆರಿದೆ. ಗ್ರಾನೈಟಿನಷ್ಟು ಆಳದಲ್ಲಿ ಅಲ್ಲ, ಬಸಾಲ್ಟಿನಂತೆ ಬಯಲಲ್ಲೂ ಅಲ್ಲ. ಹರಳಿನ ಗಾತ್ರವೂ ಎರಡರ ನಡುವಿನದು. ಆ ಕಲ್ಲಿಗೆ ಡಾಲರೈಟ್ ಎಂದು ಹೆಸರು. ಡೈಕಿನ ನಡುಮೈಯಿಂದ ಅಂಚಿನ ಕಡೆಗೆ ಮಸೂರ ಹಿಡಿದು ಬಂದರೆ ಹರಳು ಕಿರಿದಾಗುತ್ತ ಹೋಗುವುದು ಕಾಣುತ್ತದೆ. ತಣ್ಣನೆಯ ಬಂಡೆಗೆ ತಾಗಿದ ಅಂಚು ಮೊದಲು ಆರಿತು, ನಡುವಿನದು ತಡವಾಗಿ ಆರಿತು. ಪಠ್ಯಪುಸ್ತಕದ ಒಂದು ಅಧ್ಯಾಯವನ್ನು ಮೂರು ಮಾರು ಕಲ್ಲು ಕಲಿಸಿಬಿಡುತ್ತದೆ. ಬೆಂಗಳೂರು, ಹಾರೋಹಳ್ಳಿ ಸುತ್ತಲಿನ ದೊಡ್ಡ ಡೈಕುಗಳ ವಯಸ್ಸು ಸುಮಾರು 237 ಕೋಟಿ ವರ್ಷ ಎಂದು ಅಳೆಯಲಾಗಿದೆ. ಈ ಡೈಕುಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಬಾವಿಯ ಮಾತು ಬಂದಾಗ ಇವು ಮತ್ತೆ ಬೇಕಾಗುತ್ತವೆ.

ಇನ್ನು ಎರಡನೆಯ ವಿಚಾರ, ಪಾಕದ ನಡತೆ. ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು ಸಿಲಿಕ. ಬಸಾಲ್ಟಿನಲ್ಲಿ ಅದು ತೂಕದ ಅರ್ಧದಷ್ಟು, ಗ್ರಾನೈಟಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮೇಲು. ಕರಗಿದ ಸ್ಥಿತಿಯಲ್ಲೂ ಸಿಲಿಕದ ಅಣುಗುಂಪುಗಳು ಒಂದರ ಕೈ ಒಂದು ಹಿಡಿದು ಸರಪಳಿ ಕಟ್ಟುತ್ತವೆ. ಸಿಲಿಕ ಹೆಚ್ಚಿದಷ್ಟೂ ಪಾಕ ಅಂಟು. ಬಸಾಲ್ಟ್ ಲಾವಾರಸ 1100ರಿಂದ 1200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೊರಬಂದು ಸಲೀಸಾಗಿ ಹರಿಯುತ್ತದೆ. ಗ್ರಾನೈಟಿನ ಪಾಕ 650ರಿಂದ 800 ಡಿಗ್ರಿಯಷ್ಟು ಕಡಿಮೆ ಬಿಸಿಯಲ್ಲೇ ಇರಬಲ್ಲದು. ಆದರೆ ಅದು ಎಷ್ಟು ಮಂದವೆಂದರೆ ಮೇಲೇರುವ ದಾರಿಯಲ್ಲೇ ನಿಂತುಬಿಡುತ್ತದೆ.

ಹರಿಯುವ ಗುಣದ ಫಲವನ್ನು ಉತ್ತರ ಕರ್ನಾಟಕದವರು ದಿನವೂ ನೋಡುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದ ನೆಲ ಬಿರಿದು ಪದರದ ಮೇಲೆ ಪದರವಾಗಿ ಬಸಾಲ್ಟ್ ಹರಿಯಿತು. ಸವೆದು ಉಳಿದ ಭಾಗವೇ ಇಂದಿಗೂ ಐದು ಲಕ್ಷ ಚದರ ಕಿಲೋಮೀಟರಿನಷ್ಟಿದೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ದೊಡ್ಡ ಭಾಗ ಅದರ ದಕ್ಷಿಣದ ಅಂಚು. 1656ರಲ್ಲಿ ಮುಗಿದ ಗೋಲಗುಮ್ಮಟ ಎದ್ದದ್ದು ಆ ಸ್ಥಳೀಯ ಕರಿಗಲ್ಲಿನಿಂದಲೇ.

ಗಿರಿಯ ಬಸಾಲ್ಟೂ ಹೀಗೆಯೇ ಬಯಲಲ್ಲಿ ಹರಿದದ್ದು, ಅದಕ್ಕಿಂತ ಎಷ್ಟೋ ಪಟ್ಟು ಹಿಂದೆ. ಇದಕ್ಕೆ ಗುರುತು ಕಲ್ಲಿನ ಮೈಮೇಲಿನ ಬಾದಾಮಿಯಾಕಾರದ ಬಿಳಿ ಚುಕ್ಕೆಗಳು. ಲಾವಾರಸ ಹೊರಬಂದಾಗ ಅದರಲ್ಲಿ ಕರಗಿದ್ದ ಅನಿಲ ಗುಳ್ಳೆಯಾಗಿ ಎದ್ದು, ಕಲ್ಲು ಗಟ್ಟಿಯಾದ ಮೇಲೆ ಗುಳ್ಳೆಯ ಜಾಗ ಟೊಳ್ಳಾಗಿ ಉಳಿಯಿತು. ಆಮೇಲೆ ಒಳಗೆ ಓಡಾಡಿದ ಬಿಸಿನೀರು ಆ ಟೊಳ್ಳುಗಳಲ್ಲಿ ಬೆಣಚು, ಕ್ಯಾಲ್ಸೈಟ್ ತುಂಬಿತು. ಬಸಾಲ್ಟ್ ಪದರಗಳ ನಡುನಡುವೆ ಗಟ್ಟಿಯಾದ ಮರಳುಕಲ್ಲಿನ ಪದರಗಳೂ ಇವೆ. ಹರಿವ ನೀರು ಓರೆಯೋರೆಯಾಗಿ ಮರಳು ಹಾಸಿದ ಗೆರೆಗಳು ಅವುಗಳಲ್ಲಿ ಉಳಿದಿವೆ. ಅಂದರೆ ಇಲ್ಲಿ ನೆಲವಿತ್ತು, ನೆಲದ ಮೇಲೆ ಹರಿವ ನೀರಿತ್ತು, ಎರಡು ಲಾವಾಪ್ರವಾಹಗಳ ನಡುವೆ ಮರಳು ಕೂರುವಷ್ಟು ಬಿಡುವಿತ್ತು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಬೇರೆಯದೇ ದೃಶ್ಯ. ಅಲ್ಲಿ ಬಸಾಲ್ಟ್ ನೀರಿನೊಳಗೆ ಉಕ್ಕಿ, ಉಂಡೆ ಉಂಡೆಯಾಗಿ, ಒಂದರ ಮೇಲೊಂದು ಪೇರಿಸಿದ ದಿಂಬುಗಳ ಆಕಾರದಲ್ಲಿ ಗಟ್ಟಿಯಾಗಿದೆ. ಅದನ್ನು ರಾಷ್ಟ್ರೀಯ ಭೂಸ್ಮಾರಕವೆಂದು ಘೋಷಿಸಿ ಕಾಪಾಡಲಾಗಿದೆ.

ಗ್ರಾನೈಟಿನ ಕತೆಗೆ ಆಕಾಶ ಕಂಡ ಗಳಿಗೆ ಇಲ್ಲ. ಅದು ಕತ್ತಲಲ್ಲೇ ಹುಟ್ಟಿ ಕತ್ತಲಲ್ಲೇ ಗಟ್ಟಿಯಾಗುತ್ತದೆ. ನಾವು ಅದರ ಮೇಲೆ ನಡೆಯುತ್ತಿದ್ದೇವೆ ಎಂದರೆ ಅದನ್ನು ಮುಚ್ಚಿದ್ದ ಕಿಲೋಮೀಟರುಗಟ್ಟಲೆ ಬಂಡೆ ಸವೆದು ಹೋಗಿದೆ ಎಂದೇ ಅರ್ಥ. ಕಡೂರಿನ ಬಯಲು, ಈ ಲೆಕ್ಕದಲ್ಲಿ, ಹಿಂದೆಂದೋ ಇದ್ದ ಪರ್ವತಗಳ ಬುಡ. ರಾಮನಗರದಿಂದ ಹಂಪಿಯ ಕಡೆಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಕ್ಲೋಸ್‌ಪೇಟೆ ಗ್ರಾನೈಟಿನ ಬಂಡೆರಾಶಿಗಳೂ ಹೀಗೆ ಹೊದಿಕೆ ಕಳಚಿ ಬಯಲಿಗೆ ಬಂದವೇ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಬೇಕು. ಸಣ್ಣ ಹರಳಿದ್ದರೆ ಬಸಾಲ್ಟ್, ದಪ್ಪ ಹರಳಿದ್ದರೆ ಗ್ರಾನೈಟ್ ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ; ಆ ಸೂತ್ರ ಅರ್ಧ ಮಾತ್ರ ಸರಿ. ಕಲ್ಲನ್ನು ಎರಡು ಪ್ರಶ್ನೆ ಕೇಳಬೇಕು: ಪಾಕ ಯಾವುದು, ಆರಿದ ಜಾಗ ಯಾವುದು? ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೇ ಇದಕ್ಕೆ ಒಳ್ಳೆಯ ಉದಾಹರಣೆ. ಅವುಗಳ ಆಕಾರ ನೋಡಿ ಬಹಳ ಜನ ಬಸಾಲ್ಟ್ ಎಂದೇ ಭಾವಿಸುತ್ತಾರೆ. ಪರೀಕ್ಷಿಸಿದರೆ ಅವು ಸಿಲಿಕ ಹೆಚ್ಚಿರುವ ರಯೋಲೈಟ್ ವರ್ಗದ ಕಲ್ಲುಗಳು, ಅಂದರೆ ಗ್ರಾನೈಟಿನಂಥ ಪಾಕವೇ ಮೇಲೆ ಬಂದು ಬೇಗ ಆರಿದ್ದು. ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲದ ಜ್ವಾಲಾಮುಖಿಯ ಗುರುತು ಅವು. ಅಷ್ಟು ದೂರ ಹೋಗಲಾಗದವರು ಬೇಸರಪಡಬೇಕಿಲ್ಲ. ಲಿಂಗದಹಳ್ಳಿಯ ಬೆನ್ನಿಗಿರುವ ಸಂತವೇರಿ ಶಿಲಾವರ್ಗದಲ್ಲೂ ಬಸಾಲ್ಟಿನ ಜೊತೆ ಇಂಥ ಸಿಲಿಕಭರಿತ ಜ್ವಾಲಾಮುಖಿ ಶಿಲೆಗಳಿವೆ.

ಸಂತವೇರಿ ಎಂಬ ಊರಿನ ಹೆಸರು ಭೂವಿಜ್ಞಾನದ ಪುಟಗಳಲ್ಲಿ ಶಿಲಾವರ್ಗವೊಂದರ ಹೆಸರಾಗಿ ನಿಂತಿದೆ ಎಂಬುದು ಈ ಸೀಮೆಯ ಮಕ್ಕಳಿಗೆ ತಿಳಿದಿರಬೇಕು. ಬಾಬಾಬುಡನ್ ಶಿಲಾಸಮೂಹವನ್ನು ಕೆಳಗಿನಿಂದ ಮೇಲಕ್ಕೆ ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂದು ನಾಲ್ಕು ವರ್ಗ ಮಾಡಿದ್ದಾರೆ. ಮೊದಲ ಮೂರರಲ್ಲಿ ಬಸಾಲ್ಟ್ ಪ್ರಧಾನ. ಮೇಲಿನದು ಕೆಂಪು ಕಪ್ಪು ಪಟ್ಟೆಯ ಕಬ್ಬಿಣದ ಶಿಲೆ. ಅದು ನೀರಿನಡಿ ಕೆಸರಾಗಿ ಕೂತದ್ದು, ಅಗ್ನಿಶಿಲೆಯಲ್ಲ. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಅದಿರು ಒದಗಿಸಿದ್ದು ಆ ಪದರ.

ಇದರೊಂದಿಗೆ ಮೂರನೆಯ ವಿಚಾರದ ಬಾಗಿಲಿಗೆ ಬಂದಂತಾಯಿತು. ಬಯಲಿನ ಬಿಳಿಗಲ್ಲು ಮತ್ತು ಗಿರಿಯ ಕರಿಗಲ್ಲು, ಎರಡರಲ್ಲಿ ಹಿರಿಯದು ಯಾವುದು?

ಕಲ್ಲುಗಳ ಹಿರಿತನವನ್ನು ಹೇಳುವ ಉಪಾಯ ಸರಳ. ಯಾವುದು ಇನ್ನೊಂದರ ಬಿರುಕಿಗೆ ನುಗ್ಗಿದೆಯೋ ಅದು ಕಿರಿಯದು. ಯಾವುದು ಇನ್ನೊಂದರ ಮೇಲೆ ಹಾಸಿಕೊಂಡಿದೆಯೋ ಅದೂ ಕಿರಿಯದು. 1785ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ ಜೇಮ್ಸ್ ಹಟನ್ ಕೆಂಪು ಗ್ರಾನೈಟಿನ ಎಳೆಗಳು ಬೇರೆ ಶಿಲೆಯೊಳಗೆ ನುಗ್ಗಿರುವುದನ್ನು ಕಂಡ. ಗ್ರಾನೈಟ್ ಒಮ್ಮೆ ಕರಗಿ ಹರಿದಿತ್ತು, ಅದು ಭೂಮಿಯ ಮೊದಲ ಕಲ್ಲಾಗಿರಬೇಕಿಲ್ಲ ಎಂಬ ತಿಳಿವಳಿಕೆ ಅಲ್ಲಿಂದ ಗಟ್ಟಿಯಾಯಿತು.

ಮೈಸೂರು ಸಂಸ್ಥಾನ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಕಟ್ಟಿತು. ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ಈ ನಾಡಿನ ಹಸಿರು ಕರಿಗಲ್ಲು, ಕಬ್ಬಿಣದ ಶಿಲೆಗಳ ಪಟ್ಟಿಗಳಿಗೆ ಧಾರವಾಡ ಶಿಲೆಗಳೆಂದು ಹೆಸರಿಟ್ಟವನೂ ಅವನೇ. ಅವನ ನಂತರದ ತಲೆಮಾರಿನ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಸಂಸ್ಥಾನದ ಭೂಚರಿತ್ರೆಯನ್ನು ಬರೆದ. ಬಯಲಿನ ಬಿಳಿಗಲ್ಲಿಗೆ ಪೆನಿನ್ಸುಲರ್ ನೈಸ್ ಎಂಬ ಹೆಸರು ನಿಂತದ್ದು ಆಗ. ಸ್ಮೀತ್‌ನ ಅಭಿಪ್ರಾಯದಲ್ಲಿ ಕರಿಗಲ್ಲೇ ಹಿರಿಯದು. ನೈಸ್ ಆಮೇಲೆ ಕರಗಿ ಅದರೊಳಗೆ ನುಗ್ಗಿದ್ದು. ಅವನಿಗೆ ಪುರಾವೆ ಇಲ್ಲದಿರಲಿಲ್ಲ. ಎಷ್ಟೋ ಕಡೆ ಬಿಳಿ ಎಳೆಗಳು ಕರಿಗಲ್ಲನ್ನು ಸೀಳಿರುವುದು ನಿಜ. ಆಮೇಲೆ ಬಿ. ರಾಮರಾವ್, ಸಿ. ಎಸ್. ಪಿಚ್ಚಮುತ್ತು ಅವರಂಥವರು ಈ ಪಟ್ಟಿಗಳನ್ನು ಮತ್ತೆ ಮತ್ತೆ ಸುತ್ತಿ, ಅವುಗಳಲ್ಲಿ ನೀರು ಹಾಸಿದ ಮರಳು, ಜಲ್ಲಿ, ಕೆಸರಿನ ಪದರಗಳೂ ಇವೆಯೆಂದು ತೋರಿಸಿದರು. ಪಿಚ್ಚಮುತ್ತು ಅವರು 1930ರ ದಶಕದಲ್ಲಿ ಬಾಬಾಬುಡನ್ ಗಿರಿಯ ಪೂರ್ವಭಾಗವನ್ನೇ ತಮ್ಮ ಅಧ್ಯಯನಕ್ಕೆ ಆರಿಸಿಕೊಂಡಿದ್ದರು. ಆ ಕಾಲದ ಬರಹಗಳಲ್ಲಿ ಈ ಸೀಮೆಯ ಹೆಸರು ಕಡೂರು ಜಿಲ್ಲೆ.

ತೀರ್ಪು ಕೊಟ್ಟದ್ದು ಚಿಕ್ಕಮಗಳೂರಿನ ಹತ್ತಿರದ ಕರ್ತಿಕೆರೆಯಲ್ಲಿ ಸಿಗುವ ಒಂದು ಪದರ. ಕಳಸಾಪುರ ವರ್ಗದ ತೀರ ಬುಡದಲ್ಲಿ, ಬಿಳಿಗಲ್ಲಿನ ಮೇಲೆ ನೇರವಾಗಿ ಕೂತಿರುವ ನೊರಜುಗಲ್ಲಿನ ಹಾಸು ಅದು. ನೀರಿನಲ್ಲಿ ಉರುಳಿ ನುಣುಪಾದ ಬೆಣಚಿನ ಉಂಡೆಗಳು ಅದರಲ್ಲಿ ಹುದುಗಿವೆ. ಬೆಣಚು ಬಸಾಲ್ಟಿನಿಂದ ಬರುವಂಥದ್ದಲ್ಲ. ಕೆಳಗಿನ ಬಿಳಿಗಲ್ಲಿನ ಸೀಮೆ ಸವೆದು, ಅದರ ಗಟ್ಟಿ ಚೂರುಗಳು ಹೊಳೆಯ ಪಾತ್ರದಲ್ಲಿ ಸೇರಿದಾಗ ಬರುವಂಥದ್ದು. ಅಂದಮೇಲೆ ಬಿಳಿಗಲ್ಲು ಮೊದಲೇ ಹುಟ್ಟಿ, ಆಳದಿಂದ ಮೇಲೆದ್ದು, ಹೊದಿಕೆ ಕಳಚಿ, ಬಿಸಿಲು ಮಳೆಗೆ ಒಡ್ಡಿಕೊಂಡು ಬಯಲಾಗಿತ್ತು. ಆ ಬಯಲಿನ ಮೇಲೆ ಹೊಳೆ ಹರಿಯಿತು, ಆಮೇಲೆ ಲಾವಾರಸ ಹರಿಯಿತು. ವಿಕಿರಣದ ಲೆಕ್ಕದಿಂದ ಅಳೆದ ವಯಸ್ಸುಗಳೂ ಇದನ್ನೇ ಹೇಳುತ್ತವೆ. ಹಾಸನದ ಗೊರೂರಿನ ನೈಸ್ ಸುಮಾರು 330 ಕೋಟಿ ವರ್ಷ, ಚಿಕ್ಕಮಗಳೂರಿನ ಗ್ರಾನೈಟ್ 310 ಕೋಟಿ ವರ್ಷದ ಆಸುಪಾಸು, ಗಿರಿಯ ಕೆಳಪದರದ ಬಸಾಲ್ಟ್ ಸುಮಾರು 290 ಕೋಟಿ ವರ್ಷ. ಮೇಲಿನ ಕಬ್ಬಿಣದ ಶಿಲೆಯ ಜೊತೆಗಿರುವ ಜ್ವಾಲಾಮುಖಿ ಬೂದಿಯ ವಯಸ್ಸು 272 ಕೋಟಿ ವರ್ಷ ಎಂದು 1997ರಲ್ಲಿ ಪ್ರಕಟವಾಯಿತು.

ಕರ್ತಿಕೆರೆಯ ಪದರದ ಜೊತೆಗೇ ಸೇರಿದ ಇನ್ನೊಂದು ಸಂಗತಿಯನ್ನು ಬಿಟ್ಟುಹೋಗಲು ಮನಸ್ಸು ಬರುವುದಿಲ್ಲ. ಬಾಬಾಬುಡನ್ ಸಮೂಹದ ಬುಡದ ನೊರಜುಗಲ್ಲುಗಳಲ್ಲಿ ಪೈರೈಟ್ ಮತ್ತು ಯುರೇನಿನೈಟ್ ಎಂಬ ಖನಿಜಗಳ ಕಾಳುಗಳಿವೆ, ಅವೂ ಹೊಳೆಯಲ್ಲಿ ಉರುಳಿ ಬಂದವು. ಇಂದಿನ ಯಾವ ಹೊಳೆಯಲ್ಲೂ ಇವು ಹಾಗೆ ಬಹಳ ಕಾಲ ಉಳಿಯಲಾರವು. ಗಾಳಿಯ ಆಮ್ಲಜನಕ ತಾಗಿ ಪೈರೈಟ್ ತುಕ್ಕಾಗುತ್ತದೆ, ಯುರೇನಿನೈಟ್ ಕರಗಿ ಹೋಗುತ್ತದೆ. ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇತ್ತು ಎನ್ನುವುದಕ್ಕೆ ಇಂಥ ಪದರಗಳನ್ನು ಲೋಕದ ವಿಜ್ಞಾನಿಗಳು ಸಾಕ್ಷಿಯಾಗಿ ಹಿಡಿಯುತ್ತಾರೆ. ನಾವು ಉಸಿರಾಡಲಾಗದ ಗಾಳಿಯಿದ್ದ ಕಾಲದ ಹೊಳೆಯೊಂದು ಚಿಕ್ಕಮಗಳೂರಿನ ಮಗ್ಗುಲಲ್ಲಿ ಕಲ್ಲಾಗಿ ಮಲಗಿದೆ!

ಹಾಗಾದರೆ ಸ್ಮೀತ್ ಕಂಡದ್ದು ಸುಳ್ಳೇ? ಅಲ್ಲ. ಬಸಾಲ್ಟ್ ಹರಿದ ಮೇಲೂ ಗ್ರಾನೈಟ್ ಹುಟ್ಟುವುದು ನಿಲ್ಲಲಿಲ್ಲ. ಸುಮಾರು 252 ಕೋಟಿ ವರ್ಷಗಳ ಹಿಂದೆ ಕ್ಲೋಸ್‌ಪೇಟೆ ಗ್ರಾನೈಟ್ ಮೇಲೆದ್ದಿತು. ಚಿತ್ರದುರ್ಗದ ಕೋಟೆ ನಿಂತಿರುವ ಗ್ರಾನೈಟೂ ಹತ್ತಿರದ ಕಾಲದ್ದೇ. ಅದಾದ ಮೇಲೆ ಡೈಕುಗಳು ನುಗ್ಗಿದವು. ಬಿಳಿ, ಕರಿ, ಬಿಳಿ, ಮತ್ತೆ ಕರಿ. ಯಾವ ಜಾಗದ, ಯಾವ ಕಲ್ಲು ಎಂದು ಕೇಳದೆ ಹಿರಿತನ ತೀರ್ಮಾನಿಸಲು ಹೋದದ್ದರಿಂದಲೇ ವಾದ ಅಷ್ಟು ವರ್ಷ ನಡೆಯಿತು.

ಇದಕ್ಕೂ ಹಿಂದಿನ ಪ್ರಶ್ನೆಯೊಂದಿದೆ. ಮೊಟ್ಟಮೊದಲ ಬಿಳಿಗಲ್ಲು ಎಲ್ಲಿಂದ ಬಂತು? ಉತ್ತರ ಮತ್ತೆ ಬಸಾಲ್ಟಿಗೇ ಕರೆದೊಯ್ಯುತ್ತದೆ. ಭೂಮಿಯ ಕವಚದ ಕೆಳಗಿನ ಮ್ಯಾಂಟಲ್ ಅರೆಬರೆ ಕರಗಿದಾಗ ಸಿಗುವುದು ಬಸಾಲ್ಟಿನ ಪಾಕ. ಅದು ಗಟ್ಟಿಯಾಗಿ, ನೀರು ಹೀರಿಕೊಂಡು, ಮತ್ತೆ ಆಳಕ್ಕೆ ಹೋಗಿ ಕಾದಾಗ ಅದರಲ್ಲಿ ಸುಲಭವಾಗಿ ಕರಗುವ ಸಿಲಿಕಭರಿತ ಭಾಗ ಮೊದಲು ಹೊರಡುತ್ತದೆ. ಗ್ರಾನೈಟ್ ಜಾತಿಯ ಶಿಲೆಗಳ ತಾಯಿಪಾಕ ಅದು. ನೀರಿದ್ದರೆ ಕರಗುವ ಬಿಸಿ ಎಷ್ಟು ಇಳಿಯುತ್ತದೆ ಎಂಬುದನ್ನು ಟಟಲ್ ಮತ್ತು ಬೋವೆನ್ ಎಂಬ ಅಮೆರಿಕದ ಸಂಶೋಧಕರು 1958ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅಳೆದು ತೋರಿಸಿದರು. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನಿಂದ ತಂದ ಕಲ್ಲುಗಳಲ್ಲಿ ಬಸಾಲ್ಟ್ ಧಾರಾಳವಾಗಿತ್ತು. ಮಂಗಳನ ಮೈಯಲ್ಲೂ ಅದೇ ಹೆಚ್ಚು. ನಮ್ಮ ಸಾಗರಗಳ ತಳವೂ ಬಸಾಲ್ಟೇ, ಆರೇಳು ಕಿಲೋಮೀಟರ್ ದಪ್ಪದ್ದು. ಖಂಡಗಳನ್ನು ಕಟ್ಟುವಷ್ಟು ಗ್ರಾನೈಟ್ ಮಾತ್ರ ತಿಳಿದಮಟ್ಟಿಗೆ ಭೂಮಿಯಲ್ಲೇ ಇದೆ, ಏಕೆಂದರೆ ಕಲ್ಲಿನ ಜೊತೆ ಆಳಕ್ಕಿಳಿಯುವಷ್ಟು ನೀರಿರುವುದೂ ಇಲ್ಲಿಯೇ. ಹಗುರವಾದ ಆ ಗ್ರಾನೈಟ್ ಮೇಲೆ ತೇಲಿ ನಿಂತದ್ದರಿಂದಲೇ ಖಂಡಗಳು ಸಮುದ್ರಕ್ಕಿಂತ ಎತ್ತರದಲ್ಲಿವೆ.

ಇನ್ನು ಕೊನೆಯ ವಿಚಾರಕ್ಕೆ ಬರೋಣ. ಮನುಷ್ಯರ ಕೈಗೆ ಸಿಕ್ಕಾಗ ಈ ಕಲ್ಲುಗಳು ಏನಾದವು?

ಶ್ರವಣಬೆಳಗೊಳದ ಗೊಮ್ಮಟ ಗ್ರಾನೈಟ್ ಬೆಟ್ಟದ ತಲೆಯಿಂದಲೇ ಬಿಡಿಸಿ ತೆಗೆದದ್ದು, ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಮಾಡಿಸಿದ, ಸುಮಾರು 57 ಅಡಿಯ ವಿಗ್ರಹ. ತರೀಕೆರೆ ಹತ್ತಿರದ ಅಮೃತಾಪುರದ ಅಮೃತೇಶ್ವರ ದೇವಾಲಯ 1196ರಲ್ಲಿ, ಇಮ್ಮಡಿ ಬಲ್ಲಾಳನ ಕಾಲದಲ್ಲಿ, ಬಳಪದ ಕಲ್ಲಿನಲ್ಲಿ ಎದ್ದದ್ದು. ರೂವಾರಿ ಮಲ್ಲಿತಮ್ಮ ಕೆಲಸ ಮಾಡಿದ ಗುಡಿ ಅದು. ಬಳಪದ ಕಲ್ಲು ಬಸಾಲ್ಟಿನ ಹತ್ತಿರದ ನೆಂಟ. ಮೆಗ್ನೀಷಿಯಂ ಇನ್ನೂ ಹೆಚ್ಚಿದ್ದ ಅಗ್ನಿಶಿಲೆ ನೀರು ಮತ್ತು ಬಿಸಿಗೆ ಸಿಕ್ಕು ಟಾಲ್ಕ್, ಕ್ಲೋರೈಟ್ ಆಗಿ ಮಾರ್ಪಟ್ಟದ್ದು. ಗಡಸುತನದ ಹತ್ತರ ಅಳತೆಗೋಲಿನಲ್ಲಿ ಟಾಲ್ಕ್ ಒಂದನೆಯದು. ಗ್ರಾನೈಟಿನ ಫೆಲ್ಡ್‌ಸ್ಪಾರ್ ಆರು, ಬೆಣಚು ಏಳು. ಅಮೃತಾಪುರದಲ್ಲಿ ಉಳಿಯ ತುದಿ ಒಂದು ಸರದ ಮಣಿ ಮಣಿಯನ್ನೂ ಬಿಡಿಸುತ್ತ ಹೋಗಲು ಸಾಧ್ಯವಾದದ್ದು ಈ ಮೆದುತನದಿಂದ. ಗ್ರಾನೈಟಿನಲ್ಲಿ ಅಷ್ಟು ಸಣ್ಣ ಕೆಲಸಕ್ಕೆ ಹೊರಟರೆ ಕಾಳೇ ಚಿಮ್ಮಿ ಹೋಗುತ್ತದೆ. ಅಲ್ಲಿ ಶಿಲ್ಪಿ ದೊಡ್ಡ ಮೈ, ಉದ್ದ ರೇಖೆ, ನುಣುಪಾದ ಭುಜಗಳನ್ನು ನಂಬಿದ. ಎರಡೂ ಕೃತಿಗಳ ಶೈಲಿಯನ್ನು ಅರಸರ ಅಭಿರುಚಿ, ಮತಗಳ ಆದರ್ಶಗಳಿಂದ ಮಾತ್ರ ವಿವರಿಸುವವರು ಖನಿಜದ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಲ್ಲುಕುಟಿಗರ ಜ್ಞಾನಕ್ಕೂ ಇಲ್ಲಿ ಗೌರವ ಸಲ್ಲಬೇಕು. ಹೊದಿಕೆಯ ಭಾರ ಇಳಿದಾಗ ಗ್ರಾನೈಟ್ ಮೇಲ್ಮೈಗೆ ಸಮಾನವಾಗಿ ಪದರ ಪದರವಾಗಿ ಸಡಿಲಗೊಳ್ಳುತ್ತದೆ. ಹಾಸುಬಂಡೆಯ ಮೇಲೆ ಸೌದೆಯ ಬೆಂಕಿ ಹಾಕಿ, ಮೇಲಿನ ಪದರ ಹಿಗ್ಗಿ ಕೆಳಗಿನದರಿಂದ ಬಿಡಿಸಿಕೊಂಡಾಗ ಸುತ್ತಿಗೆ ಬಡಿದು ಸದ್ದಿನ ವ್ಯತ್ಯಾಸದಿಂದ ಎಲ್ಲಿಯವರೆಗೆ ಎದ್ದಿದೆ ಎಂದು ತಿಳಿದು, ಬೆಂಕಿಯನ್ನು ಮುಂದಕ್ಕೆ ಸರಿಸುತ್ತ ಅಗಲವಾದ ಚಪ್ಪಡಿಗಳನ್ನು ಎಬ್ಬಿಸುವ ವಿದ್ಯೆ ಹಳೆಯ ಮೈಸೂರು ಸೀಮೆಯಲ್ಲಿ ಬೆಳೆದಿತ್ತು. ಗಿರಿಯ ಕರಿಗಲ್ಲಿನಲ್ಲಿ ಈ ವಿದ್ಯೆ ನಡೆಯದು. ಅದು ತನ್ನದೇ ಸೀಳುಗಳಲ್ಲಿ ಚಕ್ಕೆಯಾಗಿ, ಮೊನೆಮೊನೆಯಾಗಿ ಒಡೆಯುತ್ತದೆ.

ಮಣ್ಣಿನ ಮಾತಿಗೆ ಬಂದರೆ, ಬಿಳಿಗಲ್ಲು ಕೊಳೆತಾಗ ಬೆಣಚು ಮರಳಾಗಿ ಉಳಿಯುತ್ತದೆ, ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಅಭ್ರಕದ ಕಬ್ಬಿಣ ಕೆಂಪು ಕೊಡುತ್ತದೆ. ಕಡೂರಿನ ಕೆಂಪು ಮಸಾರಿ ಹುಟ್ಟುವುದು ಹೀಗೆ. ಬಸಾಲ್ಟಿನಲ್ಲಿ ಮರಳಾಗಿ ಉಳಿಯಲು ಬೆಣಚಿಲ್ಲ. ಸುಣ್ಣ, ಮೆಗ್ನೀಷಿಯಂ ಧಾರಾಳ. ಮಳೆ ಕಡಿಮೆಯಿರುವ ಕಡೆ ಅವು ಕೊಚ್ಚಿಹೋಗದೆ ಉಳಿದು, ನೀರು ಕುಡಿದು ಉಬ್ಬುವ, ಒಣಗಿದಾಗ ಬಾಯಿಬಿಡುವ ಎರೆಮಣ್ಣಾಗುತ್ತದೆ. ವಿಜಯಪುರದ ಎರೆಯ ಮೂಲ ಅದು. ಆದರೆ ಅದೇ ಬಸಾಲ್ಟ್ ಗಿರಿಯ ಮೇಲೆ ಕಾಫಿ ತೋಟಗಳ ಕೆಮ್ಮಣ್ಣಾಗಿದೆ. ಅಲ್ಲಿ ಮಳೆ ಬಯಲಿನ ಹಲವು ಪಟ್ಟು. ಸುಣ್ಣ, ಮೆಗ್ನೀಷಿಯಂ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದಿವೆ. ಮಣ್ಣಿಗೆ ಕಲ್ಲು ತಾಯಿಯಾದರೂ ಸಾಕಿ ಬೆಳೆಸುವುದು ಮಳೆ. ಮಣ್ಣುಪರೀಕ್ಷೆಯ ಚೀಟಿ ಹಿಡಿದು ಅಜ್ಜಂಪುರದ ಎರೆಹೊಲದವರೂ ಲಿಂಗದಹಳ್ಳಿಯ ತೋಟದವರೂ ಒಂದೇ ಗೊಬ್ಬರದ ಲೆಕ್ಕ ಕೇಳಬಾರದು ಎನ್ನುವುದಕ್ಕೆ ಕಾರಣ ಇಷ್ಟು ಆಳದಲ್ಲಿದೆ.

ನೀರಿನ ವಿಷಯ ಇನ್ನೂ ತುರ್ತಿನದು. ಕಡೂರಿಗೆ ವರ್ಷಕ್ಕೆ ಬೀಳುವುದು ಆರೇಳು ನೂರು ಮಿಲಿಮೀಟರ್ ಮಳೆ. ಕೆಳಗಿನ ಬಿಳಿಗಲ್ಲಿನ ಮೈಯಲ್ಲಿ ನೀರು ನಿಲ್ಲುವ ರಂಧ್ರವೇ ಇಲ್ಲ. ನೀರು ಇರುವುದು ಎರಡೇ ಕಡೆ: ಮೇಲಿನ ಕೊಳೆತ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಹಳೆಯ ತೆರೆದ ಬಾವಿಗಳು ಮೊದಲನೆಯದನ್ನು ನಂಬಿದ್ದವು. ಕೊಳವೆಬಾವಿ ಎರಡನೆಯದನ್ನು ಹುಡುಕುತ್ತದೆ. ಆಳಕ್ಕೆ ಹೋದಷ್ಟೂ ಮೇಲಿನ ಬಂಡೆಯ ಭಾರಕ್ಕೆ ಬಿರುಕುಗಳು ಬಿಗಿದುಕೊಳ್ಳುತ್ತವೆ. ಸಾವಿರ ಅಡಿ ಕೊರೆದರೆ ನೂರಡಿಯ ಹತ್ತರಷ್ಟು ನೀರು ಸಿಗುತ್ತದೆ ಎಂಬ ಲೆಕ್ಕ ಈ ಕಲ್ಲಿಗೆ ಹೊಂದುವುದಿಲ್ಲ. ಸಾಲ ಮಾಡಿ ಬೋರು ಹಾಕಿಸುವ ಮನೆಗಳಿಗೆ ಇದನ್ನು ಯಾರಾದರೂ ಸ್ಪಷ್ಟವಾಗಿ ಹೇಳಬೇಕು. ಗಿರಿಯ ಹಳ್ಳಗಳ ನೀರನ್ನು ಬುಡದಲ್ಲೇ ಹಿಡಿದು ನಿಲ್ಲಿಸಿದ ಸಖರಾಯಪಟ್ಟಣದ ಅಯ್ಯನಕೆರೆಯಂಥವನ್ನು ಕಟ್ಟಿದವರು ಈ ಬಂಡೆ ತಾನಾಗಿ ನೀರು ಕೂಡಿಡುವುದಿಲ್ಲವೆಂದು ಅನುಭವದಿಂದ ಅರಿತಿದ್ದರು.

ಆಗ ಹೇಳಿದ ಡೈಕುಗಳು ಇಲ್ಲಿ ಬರುತ್ತವೆ. ಇಳಿಜಾರಿಗೆ ಅಡ್ಡವಾಗಿ ಓಡುವ, ಬಿರುಕಿಲ್ಲದ ಕರಿಗಲ್ಲಿನ ಗೋಡೆ ನೆಲದೊಳಗೆ ಜಿನುಗಿ ಬರುವ ನೀರನ್ನು ತಡೆಯುತ್ತದೆ. ಅದರ ಮೇಲ್ಭಾಗದ ಹೊಲದಲ್ಲಿ ಬಾವಿ ತುಂಬಿರುತ್ತದೆ. ಕೆಳಭಾಗದಲ್ಲಿ, ಕೂಗಳತೆಯ ದೂರದಲ್ಲೇ, ಬೋರು ಒಣಗುತ್ತದೆ. ಇದು ಅದೃಷ್ಟದ ಮಾತಲ್ಲ, ನಕ್ಷೆಯಲ್ಲಿ ಗುರುತಿಸಬಹುದಾದ ಗೆರೆಯ ಮಾತು. 1851ರಿಂದ ಕೆಲಸ ಮಾಡುತ್ತಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ನಕ್ಷೆಗಳು ಇಂದು ಭೂಕೋಶ್ ಎಂಬ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಅವುಗಳ ಅಳತೆಯಲ್ಲಿ ಒಂದೊಂದು ಹೊಲದ ವಿವರ ಕಾಣುವುದಿಲ್ಲ ನಿಜ. ಆ ಕೊರತೆಯನ್ನು ಊರಿನವರೇ ತುಂಬಬೇಕು. ಲಿಂಗದಹಳ್ಳಿ, ತರೀಕೆರೆ, ಕಡೂರು, ಅಜ್ಜಂಪುರಗಳ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಗ್ರಾಮದ ಬಿಳಿಗಲ್ಲು ಎಲ್ಲಿ ಮುಗಿಯುತ್ತದೆ, ಕರಿಗಲ್ಲು ಎಲ್ಲಿ ಶುರುವಾಗುತ್ತದೆ, ಡೈಕು ಯಾವ ಸರ್ವೆ ನಂಬರಿನಲ್ಲಿ ಹಾದುಹೋಗುತ್ತದೆ, ಅದರ ಯಾವ ಬದಿಯ ಬಾವಿಯಲ್ಲಿ ಬೇಸಿಗೆಯಲ್ಲೂ ನೀರಿದೆ ಎಂದು ನಡೆದು ನೋಡಿ ಗುರುತು ಮಾಡಬಹುದು. ಸುತ್ತಿಗೆ, ಮಸೂರ, ಕಂದಾಯದ ಗ್ರಾಮನಕ್ಷೆಯ ಪ್ರತಿ, ಬಾವಿಯ ಮಾಲೀಕರ ಜೊತೆ ಕೂತು ಮಾತಾಡುವ ವ್ಯವಧಾನ ಇಷ್ಟಿದ್ದರೆ ಒಂದು ಬೇಸಿಗೆ ರಜೆಯಲ್ಲಿ ಒಂದು ಪಂಚಾಯಿತಿಯ ಕೆಲಸ ಮುಗಿಯುತ್ತದೆ. ಈ ಉಪನ್ಯಾಸಕ್ಕೆ ಆಸರೆಯಾಗಿರುವ ದತ್ತಿಯ ಮುಂದಿನ ವರ್ಷದ ಕಾರ್ಯಕ್ರಮದಲ್ಲಿ ಅಂಥ ಮೊದಲ ನಕ್ಷೆಯನ್ನು ಗೋಡೆಗೆ ತೂಗುಹಾಕಿ, ಅದರ ಮುಂದೆ ನಿಂತು ರೈತರೂ ವಿದ್ಯಾರ್ಥಿಗಳೂ ಚರ್ಚಿಸುವಂತಾಗಲಿ ಎಂಬ ಕೋರಿಕೆಯನ್ನು ಸಂಘಟಕರ ಮುಂದಿಡುತ್ತೇನೆ.